ವಿಡಿಯೊ ಸಂಪರ್ಕದ ಮೂಲಕ ನ್ಯಾಯವಿಚಾರಣೆ

ವ್ಯಾಜ್ಯದ ಉಭಯಪಕ್ಷಗಳವರು, ಅವರ ವಕೀಲರು, ಸಾಕ್ಷಿಗಳು ಅಥವಾ ಬಂಧನದಲ್ಲಿರುವ ಆಪಾದಿತರು ನ್ಯಾಯಾಲಯದ ಕಟ್ಟಡಕ್ಕೆ ಬಾರದೆ, ಬೇರೊಂದು ಸ್ಥಳದಲ್ಲಿದ್ದುಕೊಂಡೇ, ಚಿತ್ರವನ್ನೂ ಧ್ವನಿಯನ್ನೂ ಏಕಕಾಲದಲ್ಲಿ ಒಯ್ಯುವ ವಿದ್ಯುನ್ಮಾನ ಸಂಪರ್ಕದಿಂದಲೋ, ಅದು ದೊರೆಯದೆಡೆ ಬರಿಯ ದೂರವಾಣಿಯಿಂದಲೋ, ಕಲಾಪದಲ್ಲಿ ಭಾಗವಹಿಸುವ ಪದ್ಧತಿ. ಭಾರತದಲ್ಲಿ ಇದು 2003ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪೊಂದರಿಂದ ಕ್ರಮಬದ್ಧವೆನಿಸಿ, 2020ರ ಕೋವಿಡ್ ಸಾಂಕ್ರಾಮಿಕದ ಕಾಲದಲ್ಲಿ ದೇಶದ ಎಲ್ಲ ಹಂತದ ನ್ಯಾಯಾಲಯಗಳಿಗೂ ಹಬ್ಬಿ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ವಿಸ್ತಾರವಾದ ಶಾಸನಾಧಾರವನ್ನು ಪಡೆದುಕೊಂಡಿದೆ. ಇದರ ಇತಿಹಾಸವು ಯಂತ್ರಗಳ ಇತಿಹಾಸವಾಗಿರುವುದಕ್ಕಿಂತ ಹೆಚ್ಚಾಗಿ, ನ್ಯಾಯದ ಮುಂದೆ ಮನುಷ್ಯನು ಹಾಜರಿರುವುದೆಂದರೇನು ಎಂಬ ಪುರಾತನ ಪ್ರಶ್ನೆಗೆ ನ್ಯಾಯಾಧೀಶರೂ ಶಾಸನಕರ್ತರೂ ಹಂತಹಂತವಾಗಿ ಕೊಟ್ಟುಕೊಂಡು ಬಂದ ಉತ್ತರಗಳ ಇತಿಹಾಸವಾಗಿದೆ.

ಹಾಜರಾತಿಯ ತತ್ತ್ವ

ನ್ಯಾಯಸ್ಥಾನದಲ್ಲಿ ಖುದ್ದಾಗಿ ಹಾಜರಿರಬೇಕೆಂಬ ನಿಯಮವು ಕೇವಲ ಮರ್ಯಾದೆಯ ವಿಷಯವಾಗಿ ಹುಟ್ಟಿದುದಲ್ಲ. ಸಾಕ್ಷಿಯಾದವನು ಪ್ರಮಾಣವಚನವನ್ನು ಸ್ವೀಕರಿಸಿ ನ್ಯಾಯಾಧೀಶರ ಕಣ್ಣೆದುರಿನಲ್ಲಿ ನುಡಿಯಬೇಕು. ಎದುರು ಪಕ್ಷದ ವಕೀಲರ ಪಾಟೀಸವಾಲಿಗೆ ಒಳಗಾಗಬೇಕು. ಆಪಾದಿತನು ತನ್ನ ವಿರುದ್ಧ ಹೇಳಲ್ಪಡುವ ಪ್ರತಿಯೊಂದು ಮಾತನ್ನೂ ಸ್ವತಃ ಕೇಳಬೇಕು. ಇವೆಲ್ಲವೂ ಸಾರ್ವಜನಿಕರಿಗೆ ತೆರೆದಿರುವ ಸ್ಥಳದಲ್ಲಿ ನಡೆಯಬೇಕು. ಈ ನಾಲ್ಕು ಪ್ರಯೋಜನಗಳನ್ನು ಸಾಧಿಸುವುದಕ್ಕೆ ಎಲ್ಲರೂ ಒಂದೇ ಛಾವಣಿಯ ಕೆಳಗೆ ಸೇರುವುದೇ ಬಹುಕಾಲದವರೆಗೆ ಏಕೈಕ ಉಪಾಯವಾಗಿದ್ದುದರಿಂದ, ಉಪಾಯವನ್ನೂ ಪ್ರಯೋಜನವನ್ನೂ ಬೇರೆಬೇರೆಯಾಗಿ ಎಣಿಸುವ ಅಗತ್ಯವು ಯಾರಿಗೂ ಕಂಡುಬರಲಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ 273ನೆಯ ಕಲಮು ಸಾಕ್ಷ್ಯವನ್ನು ಆಪಾದಿತನ ಸಮ್ಮುಖದಲ್ಲಿ, ಅವನ ಖುದ್ದು ಹಾಜರಾತಿಗೆ ವಿನಾಯಿತಿಯಿದ್ದರೆ ಅವನ ವಕೀಲರ ಸಮ್ಮುಖದಲ್ಲಿ, ಬರೆದುಕೊಳ್ಳತಕ್ಕದ್ದೆಂದು ವಿಧಿಸಿತು. 327ನೆಯ ಕಲಮು ವಿಚಾರಣೆಯ ಸ್ಥಳವು ತೆರೆದ ನ್ಯಾಯಾಲಯವೆಂದು ಸಾರಿತು. ನರೇಶ್ ಶ್ರೀಧರ್ ಮಿರಜಕರ್ ಪ್ರಕರಣದಲ್ಲಿ ಒಂಬತ್ತು ಮಂದಿ ನ್ಯಾಯಮೂರ್ತಿಗಳ ಸರ್ವೋಚ್ಚ ನ್ಯಾಯಾಲಯದ ಪೀಠವು 1966ರಲ್ಲಿ ಇದೇ ತತ್ತ್ವವನ್ನು ಎತ್ತಿಹಿಡಿದು, ನ್ಯಾಯದ ಹಿತಕ್ಕೆ ಅನಿವಾರ್ಯವಾದಾಗ ಮಾತ್ರ ವಿಚಾರಣೆಯನ್ನು ಗುಪ್ತವಾಗಿ ನಡೆಸಬಹುದೆಂದು ಹೇಳಿತು.

ವೃದ್ಧರು, ರೋಗಿಗಳು, ದೂರದೇಶದಲ್ಲಿರುವವರು ಮುಂತಾದವರ ಸಾಕ್ಷ್ಯಕ್ಕಾಗಿ ಹಿಂದಿನಿಂದಲೂ ಇದ್ದ ಏರ್ಪಾಡೆಂದರೆ ಕಮಿಷನ್. ನ್ಯಾಯಾಲಯವು ನೇಮಿಸಿದ ಕಮಿಷನರು ಸಾಕ್ಷಿಯಿರುವಲ್ಲಿಗೆ ಹೋಗಿ ಹೇಳಿಕೆಯನ್ನು ಬರೆದು ತರುವ ಈ ಪದ್ಧತಿಯಲ್ಲಿ, ತೀರ್ಪು ಕೊಡತಕ್ಕ ನ್ಯಾಯಾಧೀಶರಿಗೆ ಲಭಿಸುತ್ತಿದ್ದುದು ಬರಹವೇ ಹೊರತು ಮನುಷ್ಯನ ಮುಖವಲ್ಲ. ತಡವರಿಸಿದ ಉತ್ತರವೂ ನಿಶ್ಶಂಕೆಯ ಉತ್ತರವೂ ಕಾಗದದ ಮೇಲೆ ಒಂದೇ ರೂಪವನ್ನು ತಾಳುತ್ತಿದ್ದುವು. ಈ ಕೊರತೆಯನ್ನು ನೀಗಿಸಬಲ್ಲ ಸಾಧನವೆಂದೇ ವಿಡಿಯೊ ಸಂಪರ್ಕವು ಮೊದಲು ನ್ಯಾಯಾಲಯಗಳನ್ನು ಪ್ರವೇಶಿಸಿತು. ಇಂಗ್ಲೆಂಡಿನಲ್ಲಿ 1988ರ ಕ್ರಿಮಿನಲ್ ಜಸ್ಟಿಸ್ ಕಾಯಿದೆಯು ವಿದೇಶದಲ್ಲಿರುವ ಸಾಕ್ಷಿಗಳಿಗೂ ಕೆಲವು ಪ್ರಕರಣಗಳಲ್ಲಿ ಮಕ್ಕಳಿಗೂ ದೂರದರ್ಶನ ಸಂಪರ್ಕದ ಅವಕಾಶವನ್ನು ಕಲ್ಪಿಸಿತು. ಅಮೆರಿಕದ ಫೆಡರಲ್ ಸಿವಿಲ್ ನಿಯಮಗಳಿಗೆ 1996ರಲ್ಲಿ ಆದ ತಿದ್ದುಪಡಿಯು, ಬಲವಾದ ಕಾರಣವಿದ್ದು ಸೂಕ್ತ ರಕ್ಷಣೆಗಳಿದ್ದಲ್ಲಿ, ಸಾಕ್ಷಿಯು ಬೇರೆಡೆಯಿಂದ ಹೇಳಿಕೆ ಕೊಡುವುದನ್ನು ಅಂಗೀಕರಿಸಿತು.

2003ರ ಎರಡು ನಿರ್ಣಯಗಳು

ಭಾರತದಲ್ಲಿ ಈ ಪದ್ಧತಿಗೆ ಅಡಿಗಲ್ಲನ್ನಿಟ್ಟುದು ಮಹಾರಾಷ್ಟ್ರ ರಾಜ್ಯ ಮತ್ತು ಡಾ. ಪ್ರಫುಲ್ ಬಿ. ದೇಸಾಯಿ ಪ್ರಕರಣ. ವೈದ್ಯರೊಬ್ಬರ ಮೇಲಿನ ನಿರ್ಲಕ್ಷ್ಯದ ಆಪಾದನೆಯ ಈ ವಿಚಾರಣೆಯಲ್ಲಿ ನ್ಯೂಯಾರ್ಕಿನ ತಜ್ಞವೈದ್ಯರೊಬ್ಬರ ಸಾಕ್ಷ್ಯವು ಬೇಕಾಗಿದ್ದಿತು. ಅವರು ಸಾಕ್ಷ್ಯ ನುಡಿಯಲು ಒಪ್ಪಿದರಾದರೂ ಭಾರತಕ್ಕೆ ಬರಲು ಸಿದ್ಧರಿರಲಿಲ್ಲ. ವಿಡಿಯೊ ಮೂಲಕ ಅವರನ್ನು ವಿಚಾರಿಸಲು ಮ್ಯಾಜಿಸ್ಟ್ರೇಟರು ಕೊಟ್ಟ ಅನುಮತಿಯನ್ನು ಮುಂಬಯಿ ಉಚ್ಚ ನ್ಯಾಯಾಲಯವು ರದ್ದುಪಡಿಸಿತು. 2003ರ ಏಪ್ರಿಲ್ 1ರಂದು ಸರ್ವೋಚ್ಚ ನ್ಯಾಯಾಲಯವು ಉಚ್ಚ ನ್ಯಾಯಾಲಯದ ಆದೇಶವನ್ನು ತಳ್ಳಿಹಾಕಿ, 273ನೆಯ ಕಲಮಿನ ‘ಸಮ್ಮುಖ’ವೆಂಬುದು ದೈಹಿಕ ಸಾಮೀಪ್ಯವೇ ಆಗಬೇಕೆಂದಿಲ್ಲವೆಂದೂ, ಆಪಾದಿತನೂ ಅವನ ವಕೀಲರೂ ಸಾಕ್ಷಿಯನ್ನು ಕಂಡು, ಕೇಳಿ, ಪಾಟೀಸವಾಲು ಹಾಕಲು ಶಕ್ತರಾಗಿರುವಲ್ಲಿ ಕಲಮಿನ ಉದ್ದೇಶವು ನೆರವೇರಿತೆಂದೂ ನಿರ್ಣಯಿಸಿತು. ಆದರೆ ಈ ಅನುಮತಿಯನ್ನು ಮಿತಿಯಿಲ್ಲದೆ ಬಿಡಲಿಲ್ಲ. ಸುಳ್ಳುಸಾಕ್ಷ್ಯ ನುಡಿದವನು ಕಾನೂನಿನ ಕೈಗೆ ಸಿಕ್ಕುವಂತಿರಬೇಕಾದುದರಿಂದ, ಸಾಕ್ಷಿಯಿರುವ ದೇಶಕ್ಕೂ ಭಾರತಕ್ಕೂ ಅಪರಾಧಿಗಳ ಹಸ್ತಾಂತರದ ಒಪ್ಪಂದವಿರಬೇಕೆಂದೂ, ಆ ದೇಶದಲ್ಲಿಯೂ ಸುಳ್ಳುಸಾಕ್ಷ್ಯ ಮತ್ತು ನ್ಯಾಯಾಲಯ ನಿಂದನೆಗಳು ದಂಡನೀಯವಾಗಿರಬೇಕೆಂದೂ ನ್ಯಾಯಾಲಯವು ಎಚ್ಚರಿಸಿತು. ಯಾರ ವಿಚಾರಣೆಯಿಂದ ಈ ತತ್ತ್ವವು ಉದಯಿಸಿತೋ ಆ ವೈದ್ಯರನ್ನು 2013ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಕ್ರಿಮಿನಲ್ ಆಪಾದನೆಯಿಂದ ಮುಕ್ತಗೊಳಿಸಿತೆಂಬುದನ್ನೂ ಇಲ್ಲಿ ಹೇಳತಕ್ಕದ್ದು.

2003ರಲ್ಲಿಯೇ ವರದಿಯಾದ ಕರ್ನಾಟಕ ಉಚ್ಚ ನ್ಯಾಯಾಲಯದ ನಿರ್ಣಯವೊಂದು ದೇಸಾಯಿ ತೀರ್ಪಿಗೆ ಪೂರಕವಾಗಿದೆ. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಮತ್ತು ಎನ್‌ಆರ್‌ಐ ಫಿಲ್ಮ್ ಪ್ರೊಡಕ್ಷನ್ ಅಸೋಸಿಯೇಟ್ಸ್ ಪ್ರಕರಣವು ಸಿವಿಲ್ ದಾವೆಗೆ ಸಂಬಂಧಿಸಿದುದು, ಸಾಕ್ಷಿಗಳು ವಿದೇಶದಲ್ಲಿದ್ದರು. ಅನುಮತಿ ಕೊಡುವುದರ ಜೊತೆಗೆ, ಅದನ್ನು ಕಾರ್ಯಗತಗೊಳಿಸುವ ಬಗೆಯನ್ನೂ ಉಚ್ಚ ನ್ಯಾಯಾಲಯವು ವಿವರವಾಗಿ ನಿರೂಪಿಸಿತು. ತೆರೆಯ ಮೇಲೆ ಕಾಣುವ ವ್ಯಕ್ತಿಯೇ ನಿಜವಾದ ಸಾಕ್ಷಿಯೆಂಬುದಕ್ಕೆ ಪ್ರಮಾಣಪತ್ರವಿರಬೇಕು. ವಿಚಾರಣೆಯು ಭಾರತದ ನ್ಯಾಯಾಲಯಗಳ ವೇಳೆಯಲ್ಲಿಯೇ ನಡೆಯಬೇಕು, ಗಡಿಯಾರದ ಅಂತರದಿಂದ ತನಗೆ ಅನನುಕೂಲವೆಂಬ ಸಾಕ್ಷಿಯ ಆಕ್ಷೇಪವು ಸಲ್ಲದು. ಸಾಕ್ಷಿಯ ಕೊಠಡಿಯಲ್ಲಿ ಹೇಳಿಕೊಡುವವರಾರೂ ಇರಕೂಡದು. ಸಾಕ್ಷಿಯ ನಡವಳಿಕೆಯಲ್ಲಿ ಗಮನಾರ್ಹವಾದುದೇನಾದರೂ ಇದ್ದರೆ ಅದನ್ನು ಬರೆದಿಡಬೇಕು. ವೆಚ್ಚವನ್ನು ಈ ಸೌಕರ್ಯವನ್ನು ಬಯಸಿದ ಪಕ್ಷವೇ ಭರಿಸಬೇಕು. ಮುಂದೆ ಬಂದ ಲಿಖಿತ ನಿಯಮಗಳಲ್ಲಿ ಈ ಎಚ್ಚರಿಕೆಗಳ ಛಾಯೆಯನ್ನು ಸ್ಪಷ್ಟವಾಗಿ ಕಾಣಬಹುದು.

ಸೆರೆಮನೆ, ಮಕ್ಕಳು, ಕುಟುಂಬ

ವಿಡಿಯೊ ಸಂಪರ್ಕವು ಅತ್ಯಂತ ಹೆಚ್ಚಾಗಿ ಬಳಕೆಗೆ ಬಂದುದು ವಿಚಾರಣಾಧೀನ ಕೈದಿಗಳ ವಿಷಯದಲ್ಲಿ. ವಾಯಿದೆಯ ದಿನ ಕೈದಿಯನ್ನು ಬೇಡಿ ತೊಡಿಸಿ, ಬೆಂಗಾವಲಿನೊಡನೆ ವಾಹನದಲ್ಲಿ ಕರೆತಂದು, ಕೆಲವೇ ನಿಮಿಷಗಳ ಹಾಜರಾತಿಯ ಅನಂತರ ಹಿಂದಕ್ಕೊಯ್ಯುವ ಪದ್ಧತಿಯಲ್ಲಿ ವೆಚ್ಚವೂ ಅಪಾಯವೂ ಇದ್ದುದಲ್ಲದೆ, ಬೆಂಗಾವಲಿಗೆ ಪೊಲೀಸರು ಸಿಕ್ಕದ ದಿನ ಕೈದಿಯ ಹಾಜರಾತಿಯೇ ತಪ್ಪಿಹೋಗುತ್ತಿದ್ದಿತು. 2009ರ ಡಿಸೆಂಬರ್ 31ರಂದು ಜಾರಿಗೆ ಬಂದ ತಿದ್ದುಪಡಿಯು, ಆಪಾದಿತನನ್ನು ಮೊದಲ ಬಾರಿ ಖುದ್ದಾಗಿಯೇ ಹಾಜರುಪಡಿಸತಕ್ಕದ್ದೆಂದೂ, ನ್ಯಾಯಾಂಗ ಬಂಧನವನ್ನು ಮುಂದುವರಿಸುವಾಗ ವಿಡಿಯೊ ಸಂಪರ್ಕವನ್ನು ಬಳಸಬಹುದೆಂದೂ ದಂಡ ಪ್ರಕ್ರಿಯಾ ಸಂಹಿತೆಯ 167ನೆಯ ಕಲಮಿನಲ್ಲಿ ಸೇರಿಸಿತು. ಈ ಭೇದವು ಸಣ್ಣದಲ್ಲ. ಬಂಧಿತನ ಮೈಮೇಲೆ ಪೆಟ್ಟಿನ ಗುರುತುಗಳಿವೆಯೇ, ಅವನು ಭೀತನಾಗಿರುವನೇ, ಹೇಳಬೇಕಾದುದನ್ನು ಪೊಲೀಸರ ಇದಿರಿನಲ್ಲಿ ಹೇಳಲಾರದೆ ನಿಂತಿರುವನೇ ಎಂಬುದನ್ನು ಮ್ಯಾಜಿಸ್ಟ್ರೇಟರು ಹತ್ತಿರದಿಂದ ನೋಡುವುದು ಪೌರನ ದೇಹಕ್ಕೆ ಸಂವಿಧಾನವು ಕೊಟ್ಟಿರುವ ರಕ್ಷೆ. ತೆರೆಯ ಚೌಕಟ್ಟಿನ ಹೊರಗೆ ಯಾರು ನಿಂತಿದ್ದಾರೆಂಬುದನ್ನು ತೆರೆಯು ತೋರಿಸಲಾರದು.

ಇದಕ್ಕೆ ವ್ಯತಿರಿಕ್ತವಾಗಿ, ದೂರವಿರುವುದೇ ಸಾಕ್ಷಿಗೆ ಶ್ರೇಯಸ್ಕರವಾದ ಸಂದರ್ಭಗಳೂ ಉಂಟು. ಲೈಂಗಿಕ ದೌರ್ಜನ್ಯಕ್ಕೊಳಗಾದ ಮಗುವು ಆಪಾದಿತನ ಮುಖವನ್ನು ನೋಡಿದೊಡನೆ ಮಾತು ಕಳೆದುಕೊಳ್ಳುವ ಸಂಭವವಿರುವುದರಿಂದ, 2012ರ ಪೋಕ್ಸೊ ಕಾಯಿದೆಯ 36ನೆಯ ಕಲಮು ಸಾಕ್ಷ್ಯ ನುಡಿಯುವ ಮಗುವು ಆಪಾದಿತನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕೆಂದೂ, ಅದಕ್ಕಾಗಿ ವಿಡಿಯೊ ಸಂಪರ್ಕವನ್ನೋ ಪರದೆಯನ್ನೋ ಬಳಸಬಹುದೆಂದೂ ಹೇಳುತ್ತದೆ. ಹೀಗೆ ಭಯಪಡುವ ಸಾಕ್ಷಿಗಳಿಗಾಗಿ ಪ್ರತ್ಯೇಕ ಸಾಕ್ಷ್ಯಕೇಂದ್ರಗಳನ್ನು ಎಲ್ಲ ಜಿಲ್ಲೆಗಳಲ್ಲಿಯೂ ಸ್ಥಾಪಿಸುವ ಬಗ್ಗೆ 2022ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ದೇಶನಗಳನ್ನು ಕೊಟ್ಟಿತು. ಬೇರೆ ದೇಶದ ಸೆರೆಯಲ್ಲಿರುವವನ ಸಾಕ್ಷ್ಯವೂ ಈ ದಾರಿಯಿಂದಲೇ ಸಾಧ್ಯವಾಯಿತು. 2008ರ ಮುಂಬಯಿ ದಾಳಿಯ ಸಂಚಿನಲ್ಲಿ ಭಾಗಿಯಾಗಿದ್ದ ಡೇವಿಡ್ ಹೆಡ್ಲಿಯು 2016ರ ಫೆಬ್ರುವರಿಯಲ್ಲಿ ಅಮೆರಿಕದಿಂದ ಮುಂಬಯಿಯ ವಿಶೇಷ ನ್ಯಾಯಾಲಯಕ್ಕೆ ಹೇಳಿಕೆ ಕೊಟ್ಟನು.

ವೈವಾಹಿಕ ವ್ಯಾಜ್ಯಗಳಲ್ಲಿ ಅಭಿಪ್ರಾಯವು ಇಬ್ಭಾಗವಾಯಿತು. ಪತಿಯ ಊರಿನಲ್ಲಿ ಹೂಡಲ್ಪಟ್ಟ ದಾವೆಗಾಗಿ ಪತ್ನಿಯು ದೂರದಿಂದ ಅಲೆದಾಡುವ ಕಷ್ಟವನ್ನು ಗಮನಿಸಿದ ಸರ್ವೋಚ್ಚ ನ್ಯಾಯಾಲಯದ ಪೀಠವೊಂದು, 2017ರ ಮಾರ್ಚಿಯಲ್ಲಿ, ಕೃಷ್ಣವೇಣಿ ನಾಗಂ ಪ್ರಕರಣದಲ್ಲಿ, ದಾವೆಯನ್ನು ವರ್ಗಾಯಿಸುವುದಕ್ಕೆ ಬದಲಾಗಿ ವಿಡಿಯೊ ಸಂಪರ್ಕವನ್ನು ಬಳಸಬಹುದೆಂದು ಸೂಚಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಶಾಂತಿನಿ ಮತ್ತು ವಿಜಯ ವೆಂಕಟೇಶ್ ಪ್ರಕರಣದ ತ್ರಿಸದಸ್ಯ ಪೀಠವು, ಬಹುಮತದಿಂದ, ಆ ಸೂಚನೆಯನ್ನು ಬದಿಗಿರಿಸಿತು. ಕುಟುಂಬ ನ್ಯಾಯಾಲಯದ ಕಾರ್ಯವು ಮೊದಲು ಸಂಧಾನ; ಸಂಧಾನಕ್ಕೆ ಗೋಪ್ಯತೆಯೂ ಮುಖಾಮುಖಿ ಮಾತುಕತೆಯೂ ಅವಶ್ಯಕ; ಆದುದರಿಂದ ಸಂಧಾನವು ವಿಫಲವಾದ ಮೇಲೆ, ಉಭಯರೂ ಒಪ್ಪಿದಲ್ಲಿ ಮಾತ್ರ, ವಿಡಿಯೊ ವಿಚಾರಣೆ ನಡೆಯಬಹುದು ಎಂಬುದು ಬಹುಮತದ ಅಭಿಪ್ರಾಯ. ಭಿನ್ನಮತವನ್ನು ಬರೆದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡರು ಇಂಥ ನಿರ್ಬಂಧವು ನ್ಯಾಯದ ಬಾಗಿಲನ್ನು ಕಿರಿದುಗೊಳಿಸುವುದೆಂದು ಕಂಡರು. ಕೂಸನ್ನು ಎತ್ತಿಕೊಂಡು ರಾತ್ರಿ ಬಸ್ಸಿನಲ್ಲಿ ಪರಸ್ಥಳಕ್ಕೆ ಹೋಗಿಬರುವ ಹೆಣ್ಣುಮಗಳ ಕಷ್ಟವನ್ನು ನೆನೆದರೆ ಭಿನ್ನಮತಕ್ಕಿರುವ ಬಲವು ಮನಸ್ಸಿಗೆ ತಟ್ಟದಿರದು.

2020ರ ತಿರುವು

ನ್ಯಾಯಾಲಯಗಳ ಗಣಕೀಕರಣಕ್ಕಾಗಿ 2004ರಲ್ಲಿ ರಚಿತವಾದ ಇ-ಸಮಿತಿಗೆ ಮೊದಲ ಅಧ್ಯಕ್ಷರಾದವರು, ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಯಾಗಿದ್ದ ಜಿ.ಸಿ. ಭರೂಕ ಅವರು. ಆ ಸಮಿತಿಯ ಯೋಜನೆಗಳಿಂದ ಜಿಲ್ಲಾ ನ್ಯಾಯಾಲಯಗಳಿಗೂ ಸೆರೆಮನೆಗಳಿಗೂ ಬೇಕಾದ ಉಪಕರಣಗಳು ಮೆಲ್ಲಮೆಲ್ಲನೆ ಸೇರಿದ್ದುವು. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ನಿಮಿತ್ತ ನ್ಯಾಯಾಲಯಗಳ ಬಾಗಿಲು ಮುಚ್ಚಬೇಕಾದಾಗ, ಅಪವಾದವಾಗಿದ್ದುದು ಒಮ್ಮೆಲೇ ನಿಯಮವಾಯಿತು. ಏಪ್ರಿಲ್ 6ರಂದು ಸರ್ವೋಚ್ಚ ನ್ಯಾಯಾಲಯವು ಸಂವಿಧಾನದ 142ನೆಯ ಅನುಚ್ಛೇದದ ಅಧಿಕಾರವನ್ನು ಬಳಸಿ, ವಿಡಿಯೊ ಮೂಲಕ ಕಲಾಪ ನಡೆಸಲು ಎಲ್ಲ ಉಚ್ಚ ನ್ಯಾಯಾಲಯಗಳಿಗೂ ಅಧಿಕಾರವಿತ್ತಿತು. ಆ ಆದೇಶದಲ್ಲಿಯೂ ವಿವೇಕದ ಗೆರೆಯೊಂದು ಎಳೆಯಲ್ಪಟ್ಟಿದೆ: ನಿಯಮಗಳು ರಚಿತವಾಗುವವರೆಗೆ ಈ ಸಾಧನವು ಮುಖ್ಯವಾಗಿ ವಾದವನ್ನು ಕೇಳುವುದಕ್ಕೆ ಮಾತ್ರ, ಉಭಯಪಕ್ಷಗಳ ಸಮ್ಮತಿಯಿಲ್ಲದೆ ಸಾಕ್ಷ್ಯವನ್ನು ಇದರ ಮೂಲಕ ದಾಖಲಿಸಕೂಡದು, ಸೌಕರ್ಯವಿಲ್ಲದ ಕಕ್ಷಿದಾರರಿಗೆ ನ್ಯಾಯಾಲಯವೇ ಅದನ್ನು ಒದಗಿಸಬೇಕು. ವಕೀಲರ ಕರಿಯ ಗೌನಿಗೂ ಕೋಟಿಗೂ ತಾತ್ಕಾಲಿಕ ವಿನಾಯಿತಿ ದೊರೆತು, ಬಿಳಿಯ ಉಡುಪು ಮತ್ತು ಕೊರಳ ಬಿಳಿಪಟ್ಟಿಗಳು ಸಾಕೆನಿಸಿದುದು ಆ ಕಾಲದಲ್ಲಿಯೇ.

ಕ್ರಮವಿಧಾನ

ಇ-ಸಮಿತಿಯು ಸಿದ್ಧಪಡಿಸಿದ ಮಾದರಿ ನಿಯಮಗಳನ್ನು ಕರ್ನಾಟಕವೂ ಸೇರಿದಂತೆ ಅನೇಕ ಉಚ್ಚ ನ್ಯಾಯಾಲಯಗಳು ಅಂಗೀಕರಿಸಿದುವು. ಇವುಗಳ ಪ್ರಕಾರ ನ್ಯಾಯಾಧೀಶರು ಕುಳಿತಿರುವ ಸ್ಥಳವು ನ್ಯಾಯಾಲಯದ ತುದಿ. ಹಾಜರಾಗಬೇಕಾದ ವ್ಯಕ್ತಿಯಿರುವ ಸ್ಥಳವು ದೂರದ ತುದಿ. ಎರಡೂ ಕಡೆ ಒಬ್ಬೊಬ್ಬ ಸಂಯೋಜಕರಿರತಕ್ಕದ್ದು. ವ್ಯಕ್ತಿಯು ವಿದೇಶದಲ್ಲಿದ್ದರೆ ಭಾರತೀಯ ದೂತಾವಾಸದ ಅಧಿಕಾರಿ, ಸೆರೆಮನೆಯಲ್ಲಿದ್ದರೆ ಅದರ ಅಧೀಕ್ಷಕರು ಅಥವಾ ಹೊಣೆಯುಳ್ಳ ಅಧಿಕಾರಿ, ಆಸ್ಪತ್ರೆಯಲ್ಲಿದ್ದರೆ ವೈದ್ಯಾಧಿಕಾರಿ ಈ ಕಾರ್ಯವನ್ನು ನಿರ್ವಹಿಸುತ್ತಾರೆ. ವ್ಯಕ್ತಿಯ ಗುರುತನ್ನು ದೃಢಪಡಿಸಿಕೊಳ್ಳುವುದು, ಕೊಠಡಿಯಲ್ಲಿ ಅನಧಿಕೃತರು ಇಲ್ಲದಂತೆಯೂ ಯಾರೂ ಹೇಳಿಕೊಡದಂತೆಯೂ ಕಾಯುವುದು, ಅನುಮತಿಯಿಲ್ಲದ ಧ್ವನಿಮುದ್ರಣವನ್ನು ತಡೆಯುವುದು ಸಂಯೋಜಕರ ಕರ್ತವ್ಯಗಳು. ಸಾಕ್ಷಿಯೊಂದೆಡೆ, ಸೆರೆಯಲ್ಲಿರುವ ಆಪಾದಿತನು ಮತ್ತೊಂದೆಡೆ ಇದ್ದಲ್ಲಿ, ಮೂರೂ ಸ್ಥಳಗಳನ್ನು ಏಕಕಾಲದಲ್ಲಿ ಜೋಡಿಸಿ, ಆಪಾದಿತನ ಪ್ರತಿವಾದಕ್ಕೆ ಬಾಧಕವಾಗದಂತೆ ಸಾಕ್ಷ್ಯವನ್ನು ದಾಖಲಿಸಬೇಕು. ಮೊದಲ ನ್ಯಾಯಾಂಗ ಬಂಧನದ ಆದೇಶವನ್ನಾಗಲಿ ಪೊಲೀಸ್ ವಶಕ್ಕೆ ಒಪ್ಪಿಸುವ ಆದೇಶವನ್ನಾಗಲಿ ಸಾಮಾನ್ಯವಾಗಿ ವಿಡಿಯೊ ಮೂಲಕ ಮಾಡತಕ್ಕದ್ದಲ್ಲ. ಅಸಾಧಾರಣ ಸಂದರ್ಭದಲ್ಲಿ ಮಾಡಿದರೆ ಕಾರಣಗಳನ್ನು ಲಿಖಿತವಾಗಿ ನಮೂದಿಸಬೇಕು.

2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಈ ಏರ್ಪಾಡನ್ನು ಇನ್ನೂ ವಿಸ್ತರಿಸಿತು. ಅದರ 530ನೆಯ ಕಲಮಿನಂತೆ ಸಮನ್ಸು ಹೊರಡಿಸುವುದು, ಫಿರ್ಯಾದಿಯನ್ನೂ ಸಾಕ್ಷಿಗಳನ್ನೂ ವಿಚಾರಿಸುವುದು, ಸಾಕ್ಷ್ಯವನ್ನು ದಾಖಲಿಸುವುದು, ಮೇಲ್ಮನವಿಗಳನ್ನು ಆಲಿಸುವುದು ಮುಂತಾದ ಎಲ್ಲ ಕಾರ್ಯಗಳನ್ನೂ ವಿದ್ಯುನ್ಮಾನ ವಿಧಾನದಿಂದ ನಡೆಸಬಹುದು. ಸಾಕ್ಷಿಗಳ ವಿಚಾರಣೆಯನ್ನು ರಾಜ್ಯ ಸರ್ಕಾರವು ಗೊತ್ತುಪಡಿಸಿದ ಸ್ಥಳದಿಂದ ನಡೆಸಬಹುದೆಂದು ಹೇಳಿರುವುದು, ಮನೆಯ ಕೊಠಡಿಯ ಸ್ವೇಚ್ಛೆಗೂ ನ್ಯಾಯಸ್ಥಾನದ ಗಾಂಭೀರ್ಯಕ್ಕೂ ನಡುವಣ ಮಾರ್ಗವೊಂದನ್ನು ಹುಡುಕಿದಂತಿದೆ.

ದೂರವಾಣಿಯ ವಿಚಾರಣೆ

ಬರಿಯ ಧ್ವನಿಯಿಂದ ನಡೆಯುವ ವಿಚಾರಣೆಗೆ ಭಾರತದ ನ್ಯಾಯಾಲಯಗಳಲ್ಲಿ ವಿಶೇಷ ಸ್ಥಾನವಿಲ್ಲ. ಅಮೆರಿಕದಲ್ಲಾದರೋ, ದಿನಾಂಕ ಗೊತ್ತುಪಡಿಸುವುದು ಮತ್ತು ಕಿರಿಯ ಅರ್ಜಿಗಳ ಮೇಲಿನ ವಾದ ಮೊದಲಾದ ಕೆಲಸಗಳಿಗೆ ದೂರವಾಣಿಯು ಹಿಂದಿನಿಂದಲೇ ಬಳಕೆಯಲ್ಲಿದ್ದಿತು. ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2020ರ ಮೇ 4ರಂದು ತನ್ನ ಇತಿಹಾಸದಲ್ಲಿಯೇ ಮೊದಲ ಬಾರಿಗೆ ದೂರವಾಣಿಯ ಮೂಲಕ ವಾದವನ್ನಾಲಿಸಿ, ಅದರ ಧ್ವನಿಯನ್ನು ಆ ಕ್ಷಣದಲ್ಲಿಯೇ ಸಾರ್ವಜನಿಕರಿಗೆ ಕೇಳಿಸಿತು. ಮುಖ ಕಾಣದ ಕಾರಣ ಒಬ್ಬರ ಮಾತಿನ ಮೇಲೊಬ್ಬರು ಮಾತಾಡದಂತೆ, ನ್ಯಾಯಮೂರ್ತಿಗಳು ಜ್ಯೇಷ್ಠತೆಯ ಕ್ರಮದಲ್ಲಿ ಒಬ್ಬೊಬ್ಬರಾಗಿ ಪ್ರಶ್ನಿಸಿದರು. ಕಾನೂನಿನ ಅಂಶವನ್ನು ವಾದಿಸುವುದಕ್ಕೆ ಧ್ವನಿ ಸಾಕು. ವಾಸ್ತವಾಂಶದ ಸಾಕ್ಷಿಯನ್ನು ಅಳೆಯುವುದಕ್ಕೆ ಸಾಲದು. ಯಾರು ಮಾತನಾಡುತ್ತಿರುವರು, ಅವರ ಕೈಯಲ್ಲಿ ಯಾವ ಕಾಗದವಿದೆ, ಪಕ್ಕದಲ್ಲಿ ಯಾರಿರುವರು ಎಂಬುದಾವುದೂ ಧ್ವನಿಯಿಂದ ತಿಳಿಯದು.

ತೆರೆದ ನ್ಯಾಯಾಲಯ ಮತ್ತು ನೇರಪ್ರಸಾರ

ಕಲಾಪವು ತೆರೆಯ ಮೇಲಕ್ಕೆ ಬಂದ ಬಳಿಕ ಸಾರ್ವಜನಿಕರ ಆಸನವೆಲ್ಲಿ ಎಂಬ ಪ್ರಶ್ನೆಗೆ ನೇರಪ್ರಸಾರವು ಉತ್ತರವಾಯಿತು. ಸರ್ವೋಚ್ಚ ನ್ಯಾಯಾಲಯದ 2018ರ ಸೆಪ್ಟೆಂಬರ್ 26ರ ಸ್ವಪ್ನಿಲ್ ತ್ರಿಪಾಠಿ ತೀರ್ಪಿನಲ್ಲಿ ಇದರ ತತ್ತ್ವವು ಅಂಗೀಕೃತವಾಗಿದ್ದಿತು. 2020ರಲ್ಲಿ ಗುಜರಾತ್ ಉಚ್ಚ ನ್ಯಾಯಾಲಯವು ಮುಂದಡಿಯಿಟ್ಟಿತು. ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ಪ್ರಯೋಗವನ್ನಾರಂಭಿಸಿ, 2022ರ ಜನವರಿ 1ರಿಂದ ಅದಕ್ಕಾಗಿ ನಿಯಮಗಳನ್ನು ಜಾರಿಗೊಳಿಸಿತು. ಅದೇ ವರ್ಷದ ಫೆಬ್ರುವರಿಯಲ್ಲಿ, ಕಾಲೇಜುಗಳಲ್ಲಿ ಹಿಜಾಬ್ ಧರಿಸುವ ಹಕ್ಕಿನ ಪ್ರಕರಣದ ವಾದಗಳನ್ನು ನಾಡಿನ ಮೂಲೆಮೂಲೆಯ ಜನರು ತಾವಿದ್ದಲ್ಲಿಂದಲೇ ನೋಡಿದುದು, ಉಚ್ಚ ನ್ಯಾಯಾಲಯದ ಸಭಾಂಗಣವನ್ನು ಎಂದೂ ಕಾಣದವರಿಗೂ ಸಂವಿಧಾನದ ಚರ್ಚೆಯನ್ನು ಪರಿಚಯಿಸಿತು. ತೆರೆದ ಬಾಗಿಲಿನಿಂದ ಅನರ್ಥವೂ ಒಳಬರಬಲ್ಲುದು: 2023ರ ಡಿಸೆಂಬರಿನಲ್ಲಿ ಕಿಡಿಗೇಡಿಗಳು ವಿಡಿಯೊ ಕಲಾಪದೊಳಕ್ಕೆ ನುಗ್ಗಿ ಅಶ್ಲೀಲ ದೃಶ್ಯಗಳನ್ನು ತೋರಿಸಿದುದರಿಂದ, ಬೆಂಗಳೂರಿನ ಪ್ರಧಾನ ಪೀಠದಲ್ಲಿಯೂ ಧಾರವಾಡ, ಕಲಬುರಗಿ ಪೀಠಗಳಲ್ಲಿಯೂ ಈ ಸೌಕರ್ಯವನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಅಲ್ಲದೆ, ವಾದದ ನಡುವಣ ಮಾತೊಂದನ್ನು ಕತ್ತರಿಸಿ ಸಂದರ್ಭವಿಲ್ಲದೆ ಹರಡುವ ಅಭ್ಯಾಸವು ನ್ಯಾಯಾಧೀಶರಿಗೂ ಕಕ್ಷಿದಾರರಿಗೂ ಸಮಾನವಾಗಿ ಹಾನಿಕರವಾಗಿದೆ.

ಗುಣದೋಷ ವಿವೇಚನೆ

ಈ ಪದ್ಧತಿಯ ಮಹೋಪಕಾರವು ದೂರದಲ್ಲಿರುವವರಿಗೆ ಸಲ್ಲುತ್ತದೆ. 2008ರಲ್ಲಿ ಧಾರವಾಡ ಮತ್ತು ಕಲಬುರಗಿಗಳಲ್ಲಿ ಸಂಚಾರಿ ಪೀಠಗಳು ತೆರೆಯುವ ಮುನ್ನ, ಬೀದರಿನ ಕಕ್ಷಿದಾರನು ಉಚ್ಚ ನ್ಯಾಯಾಲಯದ ಮುಖವನ್ನು ಕಾಣಲು ಸುಮಾರು 700 ಕಿಲೋಮೀಟರು ಪ್ರಯಾಣ ಮಾಡಬೇಕಾಗಿದ್ದಿತು. ಆ ಪೀಠಗಳಿಗಾಗಿ ಉತ್ತರ ಕರ್ನಾಟಕದ ವಕೀಲರೂ ಜನರೂ ನಡೆಸಿದ ದೀರ್ಘ ಹೋರಾಟದ ಮೂಲಪ್ರೇರಣೆ ಈ ದೂರವೇ. ದೆಹಲಿಯ ಸರ್ವೋಚ್ಚ ನ್ಯಾಯಾಲಯವು ಇಂದಿಗೂ ಅದಕ್ಕಿಂತ ದೂರದಲ್ಲಿದೆ. ಜಿಲ್ಲೆಯ ವಕೀಲನೊಬ್ಬನು ತಾನೇ ತಯಾರಿಸಿದ ಮೊಕದ್ದಮೆಯನ್ನು ತನ್ನ ಊರಿನಿಂದಲೇ ಅಲ್ಲಿ ವಾದಿಸಬಲ್ಲನೆಂಬುದು ಹಿಂದಿನ ತಲೆಮಾರು ಊಹಿಸದಿದ್ದ ಸೌಲಭ್ಯ. 2023ರ ಅಕ್ಟೋಬರ್ 6ರಂದು ಸರ್ವೇಶ್ ಮಾಥುರ್ ಪ್ರಕರಣದಲ್ಲಿ, ಯಾವ ಉಚ್ಚ ನ್ಯಾಯಾಲಯವೂ ವಕೀಲರಿಗಾಗಲಿ ಕಕ್ಷಿದಾರರಿಗಾಗಲಿ ವಿಡಿಯೊ ಅಥವಾ ಮಿಶ್ರ ವಿಚಾರಣೆಯ ಸೌಕರ್ಯವನ್ನು ನಿರಾಕರಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. ಅದಕ್ಕೆ ಕೆಲವೇ ವಾರಗಳ ಮೊದಲು ಕೇಂದ್ರ ಸರ್ಕಾರವು ಇ-ನ್ಯಾಯಾಲಯ ಯೋಜನೆಯ ಮೂರನೆಯ ಹಂತಕ್ಕೆ 7,210 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿದ್ದಿತು.

ಆದರೆ ಸೌಕರ್ಯವು ಎಲ್ಲರಿಗೂ ಸಮನಾಗಿ ತಲುಪಿಲ್ಲ. ಸಂಪರ್ಕವು ಕ್ಷೀಣವಾಗಿರುವ ಮಲೆನಾಡಿನ ಹಳ್ಳಿಯ ಕಕ್ಷಿದಾರನಿಗೂ, ಉಪಕರಣಗಳಿಗೆ ಹಣವಿಲ್ಲದ ತಾಲ್ಲೂಕಿನ ಕಿರಿಯ ವಕೀಲನಿಗೂ ತೆರೆಯು ಹೊಸ ಅಡ್ಡಗೋಡೆಯಾಗಬಹುದು. 2020ರಲ್ಲಿ ಸಂಸದೀಯ ಸ್ಥಾಯೀ ಸಮಿತಿಯು ಈ ಅಸಮಾನತೆಯನ್ನು ಗುರುತಿಸಿಯೂ, ಮೇಲ್ಮನವಿಗಳಂತಹ, ಖುದ್ದು ಹಾಜರಾತಿ ಬೇಡದ ಪ್ರಕರಣಗಳಲ್ಲಿ ಈ ಪದ್ಧತಿಯು ಮುಂದುವರಿಯಬೇಕೆಂದು ಶಿಫಾರಸು ಮಾಡಿತು. ನ್ಯಾಯಾಲಯದ ಆವರಣಗಳಲ್ಲಿ ಸ್ಥಾಪಿತವಾಗುತ್ತಿರುವ ಇ-ಸೇವಾ ಕೇಂದ್ರಗಳು ಈ ಅಂತರವನ್ನು ಕಿರಿದುಗೊಳಿಸುವ ಪ್ರಯತ್ನಗಳು. ವಕೀಲರೊಡನೆ ಕೈದಿಯು ಗುಟ್ಟಾಗಿ ಒಂದು ಮಾತಾಡುವ ಅವಕಾಶವು ತೆರೆಯಿಂದ ತಪ್ಪಿಹೋಗುವುದೂ ಲಘುವಾದ ದೋಷವಲ್ಲ. ಕೋರ್ಟಿನ ಮೊಗಸಾಲೆಯಲ್ಲಿ ವಾಯಿದೆಯ ದಿನ ಸಿಕ್ಕುತ್ತಿದ್ದ ಆ ಕ್ಷಣವೇ ಅನೇಕ ಬಡ ಕೈದಿಗಳಿಗೆ ಸಲಹೆಯ ಏಕೈಕ ಸಂದರ್ಭವಾಗಿದ್ದಿತು, ಮನೆಯವರನ್ನು ಕಣ್ತುಂಬ ನೋಡುವ ದಿನವೂ ಅದೇ ಆಗಿದ್ದಿತು.

ಎರಡು ದಶಕಗಳ ಅನುಭವದಿಂದ ಹೊರಡುವ ನಿಷ್ಕರ್ಷೆಯನ್ನು ಹೀಗೆ ಸಂಗ್ರಹಿಸಬಹುದು. ಕಾನೂನಿನ ಅಂಶದ ವಾದ, ಮುಂದೂಡಿಕೆ, ಮೇಲ್ಮನವಿ, ದೂರದೇಶದ ತಜ್ಞನ ಸಾಕ್ಷ್ಯ, ಭಯಗ್ರಸ್ತ ಮಗುವಿನ ಹೇಳಿಕೆ ಇವುಗಳಲ್ಲಿ ದೂರದ ಹಾಜರಾತಿಯು ನ್ಯಾಯಕ್ಕೆ ಸಹಾಯಕ. ಬಂಧಿತನ ಮೊದಲ ಹಾಜರಾತಿ, ತಪ್ಪೊಪ್ಪಿಗೆ, ವಾಸ್ತವಾಂಶಗಳು ಒಬ್ಬನೇ ಸಾಕ್ಷಿಯ ಸತ್ಯಸಂಧತೆಯನ್ನು ಅವಲಂಬಿಸಿರುವ ವಿಚಾರಣೆ ಇವುಗಳಲ್ಲಿ ಸಾಕ್ಷಾತ್ ಹಾಜರಾತಿಗೆ ಸಮನಾದುದು ಇನ್ನೂ ದೊರೆತಿಲ್ಲ. ಈ ಎರಡರ ನಡುವಣ ವಿಶಾಲ ಕ್ಷೇತ್ರದಲ್ಲಿ ಯಾವುದು ಯುಕ್ತವೆಂಬುದನ್ನು ನಿರ್ಧರಿಸುವಾಗ, ನ್ಯಾಯಾಲಯದ ಕೆಲಸ ಬೇಗ ಮುಗಿಯುವುದೆಂಬ ಇಲ್ಲವೆ ಸರ್ಕಾರದ ವೆಚ್ಚ ಉಳಿಯುವುದೆಂಬ ಕಾರಣಕ್ಕಿಂತ ಮೊದಲು, ಯಾರ ಸ್ವಾತಂತ್ರ್ಯವು ಪಣಕ್ಕಿದೆಯೋ, ಯಾರ ಮನೆ ಜಮೀನುಗಳು ವಿವಾದದಲ್ಲಿವೆಯೋ, ಆ ಕಕ್ಷಿದಾರನು ತೆರೆಯನ್ನು ಬಯಸುವನೋ ಸಾಕ್ಷಿಕಟ್ಟೆಯ ಮುಂದೆ ತಾನೇ ನಿಲ್ಲಬಯಸುವನೋ ಎಂಬುದನ್ನು ಕೇಳಿ ತಿಳಿಯುವುದೇ ನ್ಯಾಯಸ್ಥಾನಕ್ಕೆ ಭೂಷಣ. ವಿಡಿಯೊ ಸಂಪರ್ಕವು ಅವನ ಹಕ್ಕಾಗಿ ಉಳಿಯತಕ್ಕದ್ದು, ಅವನ ಮೇಲೆ ಹೇರಿದ ವಿಧಿಯಾಗತಕ್ಕದ್ದಲ್ಲ.